ಹೊಗಳಿ ತಂದ ಗುಂಡುಕಲ್ಲು

ಕಲ್ಯಾಣಪುರದ ಬರ್ತಾಳ ಮನೆಯಲ್ಲಿ ಕಾಲಿಡಲು ಜಾಗ ಇಲ್ಲ. ಹಳೆಯ ಸಾಮಾನು ಹುಡುಕಿ ತರುವುದು, ಅದನ್ನು ಕೊಟ್ಟು ಬದಲಿಗೆ ಇನ್ನೊಂದು ತರುವುದು. ಗಂಡ ಪಾಸ್ಕಲನ ಕೆಲಸವೂ ಅದೇ, ಹುಚ್ಚೂ ಅದೇ. ಮೂತಿ ಮುರಿದ ಗಿಂಡಿ, ಮುಳ್ಳಿಲ್ಲದ ಹಡಗಿನ ಗಡಿಯಾರ, ಗಿಣಿಯ ಆಕಾರದ ಅಡಕತ್ತರಿ. ಒಳ್ಳೆಯದಕ್ಕಿಂತ ಕಸವೇ ಹೆಚ್ಚು. ಅವನು ಸತ್ತ ಮೇಲೆ ಬರ್ತಾ ಒಂದನ್ನೂ ಎಸೆಯಲಿಲ್ಲ. ಬೈಯಲು ಜನ ಇಲ್ಲ, ಸಾಮಾನಾದರೂ ಇರಲಿ ಎಂದಳು.

ಜಗಲಿಯಲ್ಲಿ ಒಂದು ತೂಗುದೀಪ ಇತ್ತು. ಸರಪಳಿ ಇತ್ತು, ಎಣ್ಣೆಯ ಬಟ್ಟಲು ಇತ್ತು, ನಡುವೆ ಕೂರುವ ಹಿತ್ತಾಳೆಯ ಹಕ್ಕಿ ಇರಲಿಲ್ಲ. ಅದು ಅಜೆಕಾರಿನ ಅಮ್ಮಣ್ಣಿಯ ಮನೆಯಲ್ಲಿ ಇದೆ ಎಂದು ಪಾಸ್ಕಲ್ ಕೊನೆಯವರೆಗೂ ಹೇಳುತ್ತಿದ್ದ. ಎಷ್ಟೋ ಸಲ ಹೋಗಿದ್ದ, ತಂದಿರಲಿಲ್ಲ. ಅವನ ವರ್ಷದ ಪೂಜೆಗೆ ಆ ದೀಪವನ್ನು ಹಕ್ಕಿ ಸಮೇತ ಹಚ್ಚಬೇಕೆಂದು ಬರ್ತಾ ಹಠ ಹಿಡಿದು ಬಸ್ಸು ಹತ್ತಿದಳು.

ವ್ಯಾಪಾರದ ಗುಟ್ಟು ಅವನೇ ಹೇಳಿಕೊಟ್ಟಿದ್ದ. ಬೇಕಾದದ್ದರ ಕಡೆ ನೋಡಬೇಡ, ಬೇಡದ್ದನ್ನು ಹೊಗಳು. ಆಸೆ ಗೊತ್ತಾದರೆ ಯಾರೂ ಕೊಡುವುದಿಲ್ಲ.

ಅಮ್ಮಣ್ಣಿ ಹಿರಿಯ ಹೆಂಗಸು. ಪಾಸ್ಕಲನ ಹೆಂಡತಿ ಎಂದು ತಿಳಿದು ಬೆಲ್ಲ, ನೀರು ತಂದಿಟ್ಟಳು. ಹಕ್ಕಿ ಬಾಗಿಲ ಬುಡದಲ್ಲೇ ಇತ್ತು. ಕದ ಗಾಳಿಗೆ ಬಡಿಯದ ಹಾಗೆ ಒತ್ತಿ ಇಟ್ಟಿದ್ದಳು. ಬರ್ತಾ ಕಷ್ಟಪಟ್ಟು ಮುಖ ತಿರುಗಿಸಿ, ಗೋಡೆಯಲ್ಲಿ ತೂಗುತ್ತಿದ್ದ ಹರಕು ಕೊಡೆಯನ್ನು ಹೊಗಳಿದಳು. ಅಮ್ಮಣ್ಣಿ ಎದ್ದು ಕೊಡೆಯ ಧೂಳು ಕೊಡವಿ ಅವಳ ಮಡಿಲಲ್ಲೇ ಇಟ್ಟಳು. ಬಂದವರ ಕಣ್ಣು ಬಿದ್ದದ್ದನ್ನು ಇಟ್ಟುಕೊಳ್ಳುವ ಪದ್ಧತಿ ಆ ಮನೆಯಲ್ಲಿ ಇಲ್ಲವಂತೆ.

ಬರ್ತಾಳಿಗೆ ತನ್ನ ಮನೆಯ ಕಸವೆಲ್ಲ ಕಣ್ಣ ಮುಂದೆ ಬಂತು.

“ಅಕ್ಕ, ನನಗೆ ಕೊಡೆ ಬೇಡ. ಆ ಹಕ್ಕಿ ಬೇಕು. ನಮ್ಮವರಿಗೂ ಅದೇ ಬೇಕಿತ್ತು.”

“ಎಂತ ಬಾಯಮ್ಮ, ನಿಮ್ಮ ಗಂಡ, ಆ ಪೊರ್ಬುಗಳು, ಬಾಯಿ ಬಿಟ್ಟು ಕೇಳಬಾರದಿತ್ತಾ? ಬಂದಾಗಲೆಲ್ಲ ಕಸವನ್ನೇ ಹೊಗಳುತ್ತಿದ್ದರು. ಅವರಿಗೆ ಅದೇ ಇಷ್ಟ ಅಂತ ನಾನು ಹುಡುಕಿ ಹುಡುಕಿ ತೆಗೆದಿಡುತ್ತಿದ್ದೆ.”

ಹಕ್ಕಿ ಮೊದಲು ಗೋಡೆಯ ಮಾಡದಲ್ಲಿತ್ತಂತೆ. ಆಗ ಕದಕ್ಕೆ ಒತ್ತಿ ಇಟ್ಟದ್ದು ಹಿಟ್ಟು ಕಡೆಯುವ ಹಳೆಯ ಕಲ್ಲಿನ ಗುಂಡು. ಇಂಥ ಕಲ್ಲು ಮಂಗಳೂರಿನಲ್ಲೂ ಇಲ್ಲ ಎಂದು ಪಾಸ್ಕಲ್ ಹೊಗಳಿದ್ದ, ಅಮ್ಮಣ್ಣಿ ಕೊಟ್ಟಳು. ಆಮೇಲೆ ಹಕ್ಕಿ ಕೆಳಗಿಳಿಯಿತು.

“ಈಗ ಇದನ್ನೂ ಕೊಟ್ಟರೆ ಕದಕ್ಕೆ ಎಂತ ಇಡುವುದು?”

ಬರ್ತಾಳಿಗೆ ನಗುವೂ ಬಂತು, ಅಳುವೂ ಬಂತು. ನಕ್ಕಳು. ಆ ಕಲ್ಲು ಹೊತ್ತು ತಂದ ದಿನ ಪಾಸ್ಕಲನಿಗೆ ಸೊಂಟ ಹಿಡಿದಿತ್ತು. ಬೈಯುತ್ತಾ ಎಣ್ಣೆ ತಿಕ್ಕಿದ್ದು ಇವಳೇ.

ಮರುದಿನ ಗುಂಡನ್ನು ಸಿಮೆಂಟ್ ಚೀಲದಲ್ಲಿ ಕಟ್ಟಿ ಪುನಃ ಅಜೆಕಾರಿನ ಬಸ್ಸು ಹತ್ತಿದಳು. ಚೀಲದಲ್ಲಿ ಎಂತ ಉಂಟು ಎಂದು ಕಂಡಕ್ಟರ್ ಕೇಳಿದ.

“ಕಲ್ಲು ಮಾರಾಯ. ತವರಿಗೆ ಹೋಗುವುದು.”

ಕಲ್ಲು ಕದಕ್ಕೆ ಸೇರಿತು, ಹಕ್ಕಿ ದೀಪಕ್ಕೆ ಸೇರಿತು. ಕೊಟ್ಟ ಕೊಡೆಯನ್ನು ಮಾತ್ರ ಅಮ್ಮಣ್ಣಿ ವಾಪಸು ತೆಗೆದುಕೊಳ್ಳಲಿಲ್ಲ.

ಚರ್ಚಿನಲ್ಲಿ ವರ್ಷದ ಪೂಜೆ ಮುಗಿಸಿ ಬಂದು ಬರ್ತಾ ದೀಪ ಹಚ್ಚಿದಳು. ಹಕ್ಕಿಯ ನೆರಳು ಪಾಸ್ಕಲನ ಕುರ್ಚಿಯ ಮೇಲೆ ಬಿತ್ತು. ಅವಳು ಅದರ ಎದುರಿಗೆ ಕೂತಳು.

ಅಷ್ಟರಲ್ಲಿ ಮಣಿಪಾಲದಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟ ಪ್ರವೀಣ್ ಬಂದ. ದೀಪದ ಕಡೆ ಒಮ್ಮೆ ನೋಡಿ ಥಟ್ಟನೆ ಮುಖ ತಿರುಗಿಸಿದ. ಮೂಲೆಯ ಹರಕು ಕೊಡೆಯನ್ನು ಬಹಳ ಹೊಗಳಿದ.

ಬರ್ತಾ ಎದ್ದು, ಕೊಡೆಯ ಧೂಳು ಕೊಡವಿ, ಅವನ ಕೈಯಲ್ಲಿ ಇಟ್ಟಳು.