ಹುಳು ಜ್ವರಕ್ಕೆ ಕೂತಾಗ ಬಿದ್ದ ಕನಸು

ನಮ್ಮೂರು ಬೆಂಗಳೂರಿಗೆ ಹತ್ತಿರದ ವಿಜಯಪುರದ ಪಕ್ಕದ್ದು. ತೊಂಬತ್ತರ ಆಚೀಚೆಯ ಮಾತು. ಮನೆಗೆ ರೇಷ್ಮೆ ಹುಳು ಬಂತೆಂದರೆ ನಾವೇ ನೆಂಟರಾಗಿಬಿಡುತ್ತಿದ್ದೆವು. ನಡುಮನೆ ತುಂಬ ಬಿದಿರಿನ ತಟ್ಟೆಗಳು, ಅವುಗಳ ತುಂಬ ಸೊಪ್ಪು ಮೇಯುವ ಸದ್ದು. ಆ ಸದ್ದು ಒಂದು ದಿನ ತಾನಾಗಿ ನಿಲ್ಲುತ್ತದೆ. ಹುಳುಗಳು ಮೇವು ಬಿಟ್ಟು, ತಲೆ ಮೇಲೆತ್ತಿ, ಏನನ್ನೋ ನೆನೆಸಿಕೊಳ್ಳುವವರ ಹಾಗೆ ಅಲುಗದೆ ಕೂರುತ್ತವೆ. ಹಳೇ ಚರ್ಮ ಕಳಚುವ ತನಕ ಹಾಗೇ. ಇದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಕಾಯಿಲೆಯಲ್ಲ, ಹುಳುವಿನ ನಿದ್ದೆ. ಆಗ ಸೊಪ್ಪು ಹಾಕಕೂಡದು. ಹಾಕಿದರೆ ಮೊದಲು ಎದ್ದವು ಮೇದು ಬೆಳೆಯುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಬೆಳೆ ಒಂದೇ ಸಮ ಬರುವುದಿಲ್ಲ.

ಅಂಥ ಒಂದು ಬೆಳಗ್ಗೆ ಅವ್ವ ತಟ್ಟೆಗಳ ಮುಂದೆ ನಿಂತು ಕೂಗಿದಳು.

"ಅಯ್ಯೋ, ಯಾರೇ ಇದು ಸೊಪ್ಪಾಕಿರೋದು?"

ಹಾಕಿದ್ದು ಅಣ್ಣನ ಮಗಳು. ಆಗಿನ್ನೂ ಒಂದನೇ ಕ್ಲಾಸು. ಅತ್ತಿಗೆ ಎರಡನೇ ಹೆರಿಗೆಗೆ ಹೊಸಕೋಟೆಯ ತವರಿಗೆ ಹೋಗಿದ್ದರಿಂದ ಮಗು ನನ್ನ ಪಕ್ಕದಲ್ಲೇ ಮಲಗುತ್ತಿತ್ತು.

"ಹುಳ ಅಳ್ತಿದ್ವು ಅಜ್ಜಿ. ಹಸಿವು ಅಂತ ನನ್ ಕನಸಲ್ಲಿ ಬಂದು ಹೇಳಿದ್ವು."

"ನಿನ್ ಕನಸಿಗಿಷ್ಟು ಬೆಂಕಿ ಹಾಕ! ನನ್ ಬೆಳೆ ಹಾಳ್ ಮಾಡ್ತೀಯಲ್ಲೇ!" ಎಂದು ಬೈಯುತ್ತಲೇ ಅವ್ವ ಸೊಪ್ಪನ್ನು ಒಂದೊಂದಾಗಿ ಎತ್ತಿ, ಹುಳುವಿನ ಕೆಳಗಿನ ಹಾಸು ಒಣಗಲೆಂದು ಸುಣ್ಣದ ಪುಡಿ ಉದುರಿಸಿದಳು. ಹೆಚ್ಚೇನೂ ಕೆಡಲಿಲ್ಲ. ಕೆಟ್ಟದ್ದು ಮಗುವಿನ ನಿದ್ದೆ. ಮಲಗಿದರೆ ಕನಸು ಮತ್ತೆ ಸುಳ್ಳು ಹೇಳುತ್ತದೆ, ತಾನು ಮತ್ತೆ ತಪ್ಪು ಮಾಡುತ್ತೇನೆ ಎಂದು ಕಣ್ಣು ಮುಚ್ಚುವುದನ್ನೇ ಬಿಟ್ಟಳು. ತೂಕಡಿಕೆ ಬಂದರೆ ತೊಡೆ ಚಿವುಟಿಕೊಳ್ಳುವಳು. ಮಾರನೇ ದಿನ ಕಣ್ಣು ಕೆಂಪಾಗಿ, ಅನ್ನದ ತಟ್ಟೆಯ ಮುಂದೆಯೇ ತೂಗಾಡುತ್ತಿದ್ದಳು.

"ಓದಿದೋಳು ನೀನೇ ಏನಾರ ಹೇಳವ್ವ. ಹಿಂಗೇ ಆದ್ರೆ ಮಗು ಕಾಯಿಲೆ ಬೀಳ್ತದೆ" ಎಂದಳು ಅವ್ವ.

ಓದಿದವಳು ಹೌದು. ನಮ್ಮ ವಂಶದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲನೆಯವಳು ನಾನು. ಬೆಳಗ್ಗೆ ಹುಳುವಿಗೆ ಸೊಪ್ಪು ಹಾಕಿ, ವಿಜಯಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಪಾಠ ಓದಿ ಪಾಸಾದವಳು. ಹೇಳಿಕೊಳ್ಳಲು ಈಗಲೂ ಸಂಕೋಚವಿಲ್ಲ.

ಮಧ್ಯಾಹ್ನ ಮಗುವನ್ನು ತಟ್ಟೆಗಳ ಪಕ್ಕ ಚಾಪೆಯ ಮೇಲೆ ಕೂರಿಸಿಕೊಂಡೆ. ಹೆಂಚಿನ ಸಂದಿಯಿಂದ ಇಳಿದ ಒಂದು ಬಿಸಿಲುಕೋಲಿನಲ್ಲಿ ಸುಣ್ಣದ ಧೂಳು ತೇಲುತ್ತಿತ್ತು. ಅಷ್ಟು ಹುಳುಗಳಿದ್ದ ಮನೆಯಲ್ಲಿ ಒಂದು ಸದ್ದಿಲ್ಲ. ಮೆದುಳು, ನರ ಎಂದು ಶುರು ಮಾಡಿದೆ. ಅವಳು ಆಕಳಿಸಿ ತೊಡೆ ಚಿವುಟಿಕೊಂಡಳು. ದಾರಿ ಬದಲಿಸಿದೆ.

"ಹುಳದ ತಟ್ಟೇಲಿ ಅಜ್ಜಿ ದಿನಾ ಏನ್ ಮಾಡ್ತಾರೆ?"

"ಹಿಕ್ಕೆ ತೆಗೀತಾರೆ. ಕಡ್ಡಿ ಬಿಸಾಕ್ತಾರೆ."

"ನೀನು ಮಲಗಿದಾಗ ನಿನ್ ತಲೆಯೊಳಗೂ ಹಂಗೇ ಕೆಲಸ ನಡೀತದೆ. ಹಗಲೆಲ್ಲ ನೋಡಿದ್ದು, ಕೇಳಿದ್ದು, ಅತ್ತಿದ್ದು ಎಲ್ಲಾನೂ ಕೆದಕಿ, ಬೇಕಾದ್ದು ಇಟ್ಕೊಂಡು, ಬೇಡದ್ದು ಬಿಡ್ತದೆ. ಕೆದಕ್ವಾಗ ಕಲಸಿಹೋಗಿ ಕಾಣೋದೇ ಕನಸು ಅಂತಾರೆ. ಇದು ನಿಜಾನಾ ಅಂತ ಕೇಳೋ ಬುದ್ಧಿ ಆವಾಗ ಮಲಗಿರ್ತದೆ. ಅದಕ್ಕೇ ಹುಳ ಮಾತಾಡಿದ್ರೂ ನಂಬ್ತೀವಿ."

"ಎಲ್ರಿಗೂ ಯಾಕ್ ಬೀಳ್ತವೆ ಅತ್ತೆ?"

"ಪೂರ್ತಿ ಯಾರಿಗೂ ಗೊತ್ತಿಲ್ಲ ಕಣೇ. ದೊಡ್ಡ ದೊಡ್ಡವ್ರೂ ಇನ್ನೂ ಹುಡುಕ್ತಾ ಅವ್ರೆ."

ಅಡುಗೆಮನೆಯಿಂದ ಅವ್ವನ ದನಿ ಬಂತು. "ಗೊತ್ತಿಲ್ಲ ಅನ್ನಕ್ಕಾ ಅಷ್ಟು ವರ್ಷ ಬಸ್ಸಲ್ಲಿ ನೇತಾಡಿದ್ದು?"

"ಗೊತ್ತಿಲ್ಲ ಅಂತ ಧೈರ್ಯವಾಗಿ ಹೇಳೋದನ್ನೂ ಅಲ್ಲೇ ಕಲಿತಿದ್ದು ಅವ್ವ" ಎಂದೆ. ಮಗು ನಕ್ಕಿತು, ಎಷ್ಟೋ ಹೊತ್ತಿನ ಮೇಲೆ.

"ಕನಸು ಬಿದ್ದ ರಾತ್ರಿ ಏನ್ ಉಂಡಿದ್ದೆ?" ಎಂದು ಕೇಳಿದೆ.

ತಲೆ ತಗ್ಗಿಸಿದಳು. "ಉಂಡಿರ್ಲಿಲ್ಲ. ಅಮ್ಮ ಬಂದು ತಿನ್ನಿಸ್ಲಿ ಅಂತ ಹಂಗೇ ಮಲಗ್ದೆ."

"ಹಂಗಾದ್ರೆ ಹಸ್ಕೊಂಡಿದ್ದು ಯಾರು?"

ಅವಳು ತಟ್ಟೆಯ ಕಡೆ ನೋಡಿದಳು. ತಲೆ ಎತ್ತಿ ಕೂತಿದ್ದ ಹುಳುಗಳನ್ನು ಬಹಳ ಹೊತ್ತು ನೋಡಿದಳು. "ನಾನು" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಅಳ್ತಿದ್ದಿದ್ದೂ ನಾನೇ."

ಇದು ಯಾವ ಪಾಠದಲ್ಲೂ ಇರಲಿಲ್ಲ. ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಕನಸು ಸುಳ್ಳು ಹೇಳಿಲ್ಲ ಕಣೇ, ನಿನ್ ಹಸಿವಿಗೆ ಹುಳದ ವೇಷ ಹಾಕ್ತು, ಅಷ್ಟೆ. ಇನ್ಮೇಲೆ ಕನಸಲ್ಲಿ ಯಾರು ಏನೇ ಕೇಳಿದ್ರೂ, ಎದ್ದು ನಮ್ಮಲ್ಲಿ ಯಾರನ್ನಾದ್ರೂ ಒಂದ್ ಮಾತು ಕೇಳು."

ಅವ್ವ ತಟ್ಟೆಯಲ್ಲಿ ಅನ್ನ ಮೊಸರು ಕಲಸಿ ತಂದು, ಅವಳ ಬಾಯಿಗೆ ತುತ್ತು ಇಟ್ಟಳು. ಕೊನೆಯ ತುತ್ತು ಬಾಯಲ್ಲಿರುವಾಗಲೇ ಮಗು ನನ್ನ ತೊಡೆಯ ಮೇಲೆ ಒರಗಿತು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡಾಡುತ್ತಿತ್ತು. ಒಳಗೆ ಯಾರೋ ತಟ್ಟೆ ಹಸನು ಮಾಡುತ್ತಿದ್ದಾರೆ ಅನ್ನಿಸಿತು. ಬಿಸಿಲುಕೋಲು ಚಾಪೆ ದಾಟಿ ಗೋಡೆ ಹತ್ತಿತು.

ಸಂಜೆ ಎದ್ದಾಗ ಕೆನ್ನೆಯ ಮೇಲೆ ನನ್ನ ಸೀರೆಯ ಮಡಿಕೆಯ ಗೆರೆಗಳು. ತಟ್ಟೆಯಲ್ಲಿ ಹಳೇ ಚರ್ಮಗಳು ಉದುರಿದ್ದವು, ಹುಳುಗಳು ತಲೆ ಆಡಿಸುತ್ತ ಎದ್ದಿದ್ದವು. ಅವಳು ಸೊಪ್ಪಿನ ಬುಟ್ಟಿಯ ಹತ್ತಿರ ಹೋಗಿ, ಕೈ ಹಾಕದೆ ನಿಂತಳು.

"ಅಜ್ಜಿ, ಹುಳ ಹಸಿವು ಅಂತಾವೆ. ಈಗ ಹಾಕ್ಲಾ?"

"ಕನಸಲ್ಲಿ ಹೇಳಿದ್ವೇನೇ?"

"ಇಲ್ಲ ಅಜ್ಜಿ, ಈಗ ಎದ್ದವೆ."

ಅವ್ವ ಬುಟ್ಟಿಯನ್ನು ಅವಳ ಕಡೆ ತಳ್ಳಿದಳು.