ಅರ್ಧ ಹೊಲಿಗೆ

ನಾವು ನಾಲ್ವರು ಹೆಂಗಸರು ಕೆಲಸ ಮಾಡುತ್ತಿದ್ದ ನನ್ನ ಸೋದರತ್ತೆಯ ಹೊಲಿಗೆ ಅಂಗಡಿಯಲ್ಲಿ ಮೊದಲೆಲ್ಲ ಬೆಳಗು ಹಾಳಾಗುತ್ತಿದ್ದುದೇ ಹುಡುಕಾಟದಲ್ಲಿ. ಕತ್ತರಿ ಸಿಕ್ಕರೆ ಸೀಮೆಸುಣ್ಣ ಇಲ್ಲ, ಸೀಮೆಸುಣ್ಣ ಸಿಕ್ಕರೆ ಟೇಪು ಯಾರದೋ ಕೊರಳಲ್ಲಿ. ಜೊತೆಗೆ ಊರ ಉಸಾಬರಿ ಬೇರೆ. ಕೇಳಿದರೆ ಮಿಷನ್ ಮೇಲೆ ದೂರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಮ್ಮೆ ಶಾಲೆಮಕ್ಕಳ ಸಮವಸ್ತ್ರ ಹೊಲಿದು ಕೊಡುವುದು ತಡವಾಗಿ, ಶಾಲೆಯವರು "ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೊಳ್ತೀವಿ" ಅಂದುಬಿಟ್ಟರು. ಆ ಕೆಲಸ ಹೋದರೆ ಅಂಗಡಿಯೇ ಹೋದಂತೆ.

ಅಂದಿನಿಂದ ಅತ್ತೆ ಒಂದು ವಿಚಿತ್ರ ರೂಢಿ ಹಾಕಿದರು. ಸಂಜೆ ಏಳುವಾಗ ಯಾರೂ ಕೈಯಲ್ಲಿದ್ದ ಬಟ್ಟೆ ಮುಗಿಸುವಂತಿಲ್ಲ; ಅರ್ಧ ಹೊಲಿದು, ಸೂಜಿ ಇಳಿಸಿ, ಮಿಷನ್ನಿನಲ್ಲೇ ಬಿಡಬೇಕು.

"ಇಷ್ಟೇ ಇಷ್ಟು ಉಳಿದಿದೆ, ಮುಗಿಸ್ಬಿಡ್ತೀನಿ" ಎಂದು ಕಾಲರ್ ಹೊಲಿಯುವ ಅಕ್ಕ ಗೋಗರೆಯುತ್ತಿದ್ದಳು. ಅವಳನ್ನು ನಾವು ಕಾಲರಕ್ಕ ಎಂದೇ ಕರೆಯುತ್ತಿದ್ದೆವು.

"ಮುಗಿಸಿದ್ರೆ ನಾಳೆ ಎಲ್ಲಿಂದ ಶುರು ಮಾಡ್ಲಿ ಅಂತ ಆಕಳಿಸ್ತಾ ಕೂರ್ತೀಯ. ಏಳು!"

ಜೀವ ಚಡಪಡಿಸುತ್ತಿತ್ತು. ಆದರೆ ಬೆಳಗ್ಗೆ ಕೂತರೆ ಸಾಕು, ಕಾಲು ತಾನಾಗಿ ಪೆಡಲ್ ತುಳಿಯುತ್ತಿತ್ತು. ಕತ್ತರಿಗಳು ಗೋಡೆಯ ಮೊಳೆ ಹತ್ತಿದವು, ಹರಟೆ ಊಟದ ಹೊತ್ತಿಗೆ ಸರಿಯಿತು. ನಾಲ್ಕು ಮಿಷನ್ ಒಟ್ಟಿಗೆ ಓಡುವ ಆ ಸದ್ದು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಮುಂದಿನ ವರ್ಷ ಸಮವಸ್ತ್ರದ ಬಟ್ಟೆ ಬಂದ ಹೊತ್ತಿಗೇ ಅತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅವರ ಮನೆ ಅಂಗಡಿಯ ಹಿಂದಿನ ಬೀದಿಯಲ್ಲೇ ಇತ್ತು. "ಏನಾದ್ರೂ ತೊಡಕಾದ್ರೆ ಓಡಿ ಬನ್ನಿ" ಎಂದು ಹೇಳಿ ಕಳಿಸಿದರು. ತೊಡಕಾಗಲೇ ಇಲ್ಲ. ತಲೆ ಎತ್ತದೆ ಹೊಲಿದೆವು, ಹೇಳಿದ ದಿನಕ್ಕೂ ಮೊದಲೇ ಕೊಟ್ಟೆವು.

ಅತ್ತೆ ಕೋಲೂರಿಕೊಂಡು ಬಂದಾಗ ಶಹಭಾಸ್‌ಗಿರಿಗೆ ಕಾದು ಕೂತಿದ್ದೆವು. ಅವರು ಸುತ್ತ ನೋಡಿದರು. ಎಲ್ಲ ಇದ್ದಲ್ಲೇ ಇತ್ತು.

"ಒಂದು ಮಾತು ಕೇಳೋಕೂ ಯಾರೂ ಬರ್ಲಿಲ್ವಲ್ರೇ," ಅಂದರು. "ನಾನಿಲ್ದಿದ್ರೂ ನಡೆಯುತ್ತೆ ಅಂತಾಯ್ತು." ನಗಲು ನೋಡಿದರು, ಆಗಲಿಲ್ಲ. ಅಂಗಡಿ ಉಳಿದಿತ್ತು, ಅದನ್ನು ಉಳಿಸಿದ ಅತ್ತೆಯೇ ನೆಂಟರ ಹಾಗೆ ಬಾಗಿಲಲ್ಲೇ ನಿಂತಿದ್ದರು.

ಕಾಲರಕ್ಕ ಎದ್ದಳು. ತಲೆ ನರೆಯುವ ತನಕ ಕಾಲರನ್ನೇ ಹೊಲಿದವಳು, ಒಂದು ಅಂಗಿ ಹಿಡಿದು ಪೆಚ್ಚು ಮುಖ ಮಾಡಿಕೊಂಡು ಅತ್ತೆಯ ಹತ್ತಿರ ಹೋದಳು.

"ಅಕ್ಕಾ, ಈ ಕಾಲರ್ ತುದಿ ಚೂಪಾಗಿ ಬರ್ತಿಲ್ಲ. ಹ್ಯಾಗೆ ತಿರುಗಿಸೋದು, ಸ್ವಲ್ಪ ತೋರ್ಸಿ."

ಅತ್ತೆ ಅವಳನ್ನೇ ದಿಟ್ಟಿಸಿದರು. ಅವರಿಗೆ ಎಲ್ಲ ಅರ್ಥವಾಯಿತು.

"ಕತ್ತೆ ವಯಸ್ಸಾಯ್ತು, ಇನ್ನೂ ಇದು ಬರಲ್ವಾ? ಕೊಡಿಲ್ಲಿ," ಎಂದು ಬೈಯುತ್ತಾ ಕೂತು, ಕಾಲರ್ ತಿರುಗಿಸುವುದನ್ನು ನಮಗೆಲ್ಲ ಮೊದಲಿನಿಂದ ಹೇಳಿಕೊಟ್ಟರು. ನಾವು ಮೊದಲ ಸಲ ಕೇಳುವವರಂತೆ ಕೇಳಿದೆವು.