ಚಾವಿ ಕೊಡಬ್ಯಾಡ

ಪರದೇಶದ ಗಾಲ್ವೇ ಊರಿನಲ್ಲಿ ನಾವು ಮೂವರು ಒಂದು ಮನೆ ಹಂಚಿಕೊಂಡಿದ್ದೆವು. ನಾನು ವಿಜಯಪುರದವಳು, ಅಲ್ಲಿನ ಪಾರ್ಕ್‌ಮೋರ್ ಕೈಗಾರಿಕಾ ಪ್ರದೇಶದಲ್ಲಿ ಆಸ್ಪತ್ರೆ ಸಲಕರಣೆ ತಯಾರಿಸುವ ಕಡೆ ಕೆಲಸ. ಕೆಳಗಿನ ಕೋಣೆಯಲ್ಲಿ ಮೈಸೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು. ಮೇಲೆ, ನನ್ನ ಪಕ್ಕದ ಕೋಣೆಯಲ್ಲಿ, ಬ್ರೆಜಿಲ್‌ನವಳು. ಅವಳದು ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ ಮೂಳೆ ಬಿಡಿಸುವ ಕೆಲಸ. ಮನೆ ಮಾಲೀಕ ಮೊದಲ ದಿನದಿಂದಲೂ ಅವಳನ್ನು ‘ಸ್ಪ್ಯಾನಿಷ್ ಹುಡುಗಿ’ ಎನ್ನುತ್ತಿದ್ದ. ನಮ್ಮ ಭಾಷೆ ಪೋರ್ಚುಗೀಸ್ ಎಂದು ಅವಳು ತಿದ್ದುತ್ತಿದ್ದಳು. ಆತ ‘ಗ್ರ್ಯಾಂಡ್, ಗ್ರ್ಯಾಂಡ್’, ಅಂದರೆ ಸರಿ ಸರಿ, ಎಂದು ತಲೆಯಾಡಿಸಿ ಮುಂದಿನ ಸಲ ಮತ್ತೆ ಅದನ್ನೇ ಹೇಳುತ್ತಿದ್ದ. ನನ್ನನ್ನೂ ಬಿಟ್ಟಿರಲಿಲ್ಲ. ನಾನು ಮಾತಾಡುವುದು ‘ಹಿಂದೂ ಭಾಷೆ’ಯಂತೆ. ಐದು ಹೊತ್ತು ನಮಾಜು ಮಾಡುವವಳಿಗೆ ಆ ಮಾತು!

ಆಮೇಲೆ ಕೊರೊನಾ ಬಂತು. ಊರೆಲ್ಲ ಬಾಗಿಲು ಹಾಕಿಕೊಂಡರೂ ನಾನೂ ಬ್ರೆಜಿಲ್‌ನವಳೂ ದಿನಾ ಕೆಲಸಕ್ಕೆ ಹೋಗುತ್ತಿದ್ದೆವು. ಒಂದು ಸಂಜೆ ಬೀದಿಯ ಜನ ಬಾಗಿಲಿಗೆ ಬಂದು, ನಮಗಾಗಿ ದುಡಿಯುವವರಿಗೆ ಎಂದು ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಅವಳು ಕೆಲಸ ಮುಗಿಸಿ ಬಂದಳು. ಅವಳನ್ನು ಕಂಡು ಪಕ್ಕದ ಮನೆಯಾಕೆ ಎರಡು ಹೆಜ್ಜೆ ಹಿಂದೆ ಸರಿದಳು. ಊರಿನ ಊಟದ ತಟ್ಟೆಗೆ ಮಾಂಸ ಎಲ್ಲಿಂದ ಬರುತ್ತದೆ ಎಂದು ಯಾರಿಗೂ ಹೊಳೆದಂತಿರಲಿಲ್ಲ.

ಸ್ವಲ್ಪ ದಿನಕ್ಕೆ ಕಾರ್ಖಾನೆಯಲ್ಲಿ ಒಬ್ಬೊಬ್ಬರಾಗಿ ಮಲಗಿದರು. ಅವಳಿಗೂ ಜ್ವರ ಬಂತು, ಪರೀಕ್ಷೆಯಲ್ಲಿ ಕೊರೊನಾ ಎಂದಾಯಿತು. ಕೋಣೆ ಬಿಟ್ಟು ಹೊರಬರಬಾರದೆಂದು ಡಾಕ್ಟರು ಹೇಳಿದರು. ಮರುದಿನವೇ ಮಾಲೀಕ ನನಗೆ ಫೋನ್ ಮಾಡಿದ.

“ನೀವು ಓದಿದವರು, ಒಳ್ಳೆ ಪೈಕಿ. ಆ ಫ್ಯಾಕ್ಟರಿಯವರ ಕಥೆನೇ ಬೇರೆ. ಅವಳ ಹತ್ರ ಕೀ ಇಸ್ಕೊಂಡಿಡಿ, ನಾಳೆ ಬರ್ತೀನಿ. ಅವಳು ಬೇರೆ ಕಡೆ ನೋಡ್ಕೊಳ್ಳಲಿ.”

ಒಳ್ಳೆ ಪೈಕಿ! ಅದೇ ವಾರ ಅಕ್ಕ ವಿಜಯಪುರದಿಂದ ಫೋನಿನಲ್ಲಿ ಅತ್ತಿದ್ದಳು. ರೋಗ ಹರಡುತ್ತಿರುವುದೇ ನಮ್ಮ ಜನ ಎಂದು, ನಮ್ಮ ಓಣಿಯ ತರಕಾರಿ ಗಾಡಿಯವನನ್ನು ಪಕ್ಕದ ಬಡಾವಣೆಯವರು ಒಳಗೆ ಬಿಟ್ಟಿರಲಿಲ್ಲ. ಅಲ್ಲಿ ನಾನು ಕೆಟ್ಟ ಪೈಕಿ, ಇಲ್ಲಿ ಒಳ್ಳೆ ಪೈಕಿ. ಇವರು ಹಿಡಿದ ತಕ್ಕಡಿಯಲ್ಲೆಲ್ಲ ನಾನು ಹೋಗಿ ಕೂರಬೇಕೇನು? ನನಗೆ ಮೈಯೆಲ್ಲ ಉರಿಯಿತು. ನೇರ ಅಡುಗೆಮನೆಗೆ ಹೋದೆ. ಎಂಜಿನಿಯರ್ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಚಹಾ ಸೋಸುತ್ತಿದ್ದರು.

“ಮಾಲೀಕನಿಗೆ ಫೋನ್ ಮಾಡಿದ್ದು ನೀವೇನಾ?”

“ಹಾಗಲ್ಲ ಕಣ್ರೀ... ಮೀಟ್ ಫ್ಯಾಕ್ಟರಿ ಪೂರ್ತಿ ಹರಡಿದೆಯಂತೆ. ನಮಗೂ ಬಂದ್ರೆ? ನಂದು ವರ್ಕ್ ಪರ್ಮಿಟ್ ಬೇರೆ ರಿನ್ಯೂವಲ್‌ಗೆ ಇದೆ.”

“ಜ್ವರ ಇರೋಳು ಎಲ್ಲಿಗೆ ಹೋಗ್ಬೇಕು? ಬಸ್ ಸ್ಟಾಪಲ್ಲಿ ಮಲಗ್ಬೇಕಾ?”

ಅವರು ಚಹಾ ತೆಗೆದುಕೊಂಡು ಕೋಣೆ ಸೇರಿದರು.

ಮರುದಿನ ಮಾಲೀಕ ಬಂದ. ಮಾಸ್ಕು ಗಲ್ಲದ ಮೇಲಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ. ಈಗ ಯಾರನ್ನೂ ಮನೆ ಬಿಡಿಸುವಂತಿಲ್ಲ, ಸರ್ಕಾರವೇ ಹೇಳಿದೆ ಎಂದೆ. “ನಾನೆಲ್ಲಿ ಬಿಡಿಸ್ತಿದ್ದೀನಿ? ಕೀ ಕೇಳ್ತಿದ್ದೀನಿ ಅಷ್ಟೆ,” ಎಂದು ನಕ್ಕು, ತಲೆಯೆತ್ತಿ ಮೇಲಿನ ಕಿಟಕಿಗೆ ಕೂಗಿದ. ಕಿಟಕಿ ತೆರೆಯಿತು. ಜ್ವರಕ್ಕೆ ಅವಳ ಮುಖ ಕೆಂಪಗಾಗಿತ್ತು, ಕೈಯಲ್ಲಿ ಬೀಗದ ಕೈ ಇತ್ತು. ಸಾಕಾಗಿಹೋಗಿ ಕೆಳಗೆ ಎಸೆಯುವವಳೇ ಇದ್ದಳು.

ಸಿಟ್ಟು ನೆತ್ತಿಗೇರಿದರೆ ನನಗೆ ಇಂಗ್ಲಿಷ್ ಕೈಕೊಡುತ್ತದೆ. ಆಗ ಉಳಿಯುವುದು ನಮ್ಮ ಓಣಿಯ ಕನ್ನಡ. “ಏ, ಚಾವಿ ಕೊಡಬ್ಯಾಡ! ಚಾವಿ ಕೊಡಬ್ಯಾಡ ನೋಡು!” ಎಂದು ಬೀದಿ ಕೇಳುವಂತೆ ಕಿರುಚಿದೆ.

ಅವಳಿಗೆ ಕನ್ನಡದ ಒಂದಕ್ಷರ ಬರದು. ಆದರೂ ಎತ್ತಿದ ಕೈ ನಿಂತಿತು. “ಶಾವಿ?” ಎಂದಳು. ಬೀಗದ ಕೈಗೆ ಅವರ ಭಾಷೆಯಲ್ಲೂ ಶಾವಿ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಆಮೇಲೆ. ಅವಳು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು, “ನಾಂವ್! ಕೊಡಲ್ಲ! ನನ್ನ ಕೋಣೆ, ನನ್ನ ಶಾವಿ!” ಎಂದು ಕೂಗಿ ಕಿಟಕಿ ಮುಚ್ಚಿದಳು.

ಮಾಲೀಕ ಕಕ್ಕಾಬಿಕ್ಕಿಯಾಗಿ ನನ್ನತ್ತ ತಿರುಗಿದ. “ನೀವಿಬ್ಬರೂ ಒಂದೇ ದೇಶದವರಾ?”

“ಹೌದು,” ಎಂದೆ. ಆ ಸುಳ್ಳು ಹೇಳಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ.

ಜ್ವರ ಬಿಡುವವರೆಗೂ ಊಟದ ತಟ್ಟೆಯನ್ನು ಅವಳ ಬಾಗಿಲಲ್ಲಿಟ್ಟು ನಾನು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಬಾಗಿಲ ಆಚೆ ಅವಳು, ಈಚೆ ನಾನು, ನಡುವೆ ನಮ್ಮ ಹರುಕು ಇಂಗ್ಲಿಷ್. ಸಾಬೂನು, ಮೇಜು, ಬಟಾಟೆ ಎಂಬ ಮಾತುಗಳೆಲ್ಲ ಹೆಚ್ಚುಕಮ್ಮಿ ಹಾಗೇ ಇಬ್ಬರ ಮನೆಯಲ್ಲೂ ಇದ್ದವು. ಪೋರ್ಚುಗೀಸರು ಒಂದು ಕಾಲಕ್ಕೆ ನಮ್ಮ ಕರಾವಳಿಗೆ ಬಂದಿದ್ದರು ಎಂದೆ. “ನಮ್ಮಲ್ಲಿಗೂ ಬಂದಿದ್ರು. ಎದ್ದು ಹೋಗೋದನ್ನೇ ಮರೆತಿದ್ರು,” ಎಂದು ನಕ್ಕು ಕೆಮ್ಮಿದಳು.

ಇನ್ನೊಂದು ದಿನ ಹೇಳಿದಳು: “ನಮ್ಮೂರಲ್ಲಿ ನನ್ನನ್ನ ಯಾರೂ ಲ್ಯಾಟಿನಾ ಅಂದಿರ್ಲಿಲ್ಲ. ನಮ್ಮ ಖಂಡದ ಹೆಣ್ಣುಮಕ್ಕಳಿಗೆಲ್ಲ ಇಲ್ಲಿ ಅದೊಂದೇ ಹೆಸರು, ವಿಮಾನ ಇಳಿದ ಮೇಲೆ ನಾನೂ ಆದೆ. ಕಾರ್ಖಾನೆ ಲೈನಲ್ಲಿ ನನ್ನ ಎಡಕ್ಕೆ ನಿಲ್ಲೋಳು ಬೊಲಿವಿಯಾದವಳು. ಅವಳ ಸ್ಪ್ಯಾನಿಷ್ ನಂಗೆ ಅರ್ಧ ಅರ್ಥ ಆಗುತ್ತೆ. ಆದ್ರೆ ಸೂಪರ್‌ವೈಸರ್ ಬೈಯೋವಾಗ ಇಬ್ರನ್ನೂ ಒಂದೇ ಹೆಸರಲ್ಲಿ ಬೈತಾನೆ. ಸರಿ, ಆಗಲಿ. ಬೈಗುಳ ಒಟ್ಟಿಗೆ ತಿಂದಮೇಲೆ ಊಟನೂ ಒಟ್ಟಿಗೇ ಮಾಡ್ತೀವಿ. ಈಗ ಆ ಹೆಸರು ನಮ್ಮದು. ವಾಪಸ್ ಕೇಳಿದ್ರೂ ಕೊಡಲ್ಲ.”

ಅವಳು ಚೇತರಿಸಿಕೊಂಡು ಕೆಲಸಕ್ಕೆ ಮರಳಿದಳು. ಎಂಜಿನಿಯರ್ ದೂರದ ಆಡಮ್ಸ್‌ಟೌನ್ ಊರಿನ ಗೆಳೆಯರ ಮನೆಗೆ ಹೊರಟುಹೋದರು. ಖಾಲಿ ಕೋಣೆಗೆ ಜನ ಸಿಗದೆ ಮಾಲೀಕ ಮತ್ತೆ ನನಗೇ ಫೋನ್ ಮಾಡಿ, ನಿಮ್ಮಂಥವರೇ ಯಾರಾದರೂ ಇದ್ದರೆ ನೋಡಿ ಎಂದ. ನೋಡಿದೆವು. ಬೊಲಿವಿಯಾದವಳು ಎರಡು ಸೂಟ್‌ಕೇಸ್ ತಂದು ಕೆಳಗಿನ ಕೋಣೆಯಲ್ಲಿಟ್ಟಳು.

“ಎಲ್ಲಿ ಕೆಲಸ ಅವಳಿಗೆ?” ಎಂದ ಮಾಲೀಕ ಫೋನಿನಲ್ಲಿ.

“ಮಾಂಸದ ಕಾರ್ಖಾನೆ.”

“ನಾನು ನಿಮ್ಮಂಥವರು ಅಂದಿದ್ದೆ,” ಎಂದ.

“ಹೌದಲ್ರೀ,” ಎಂದೆ, ಅವನಿಗೆ ಅರ್ಥವಾಗದ ಕನ್ನಡದಲ್ಲೇ. “ನಮ್ಮಂಥಾಕಿನೇ.”